ಮಾವು ಚಿಗುರಿದರೆ ಬಾಗಿಲು ಹಾಕುತ್ತಿದ್ದ ಮನೆ

ಅಣ್ಣ ಸತ್ತಾಗ ನನಗೆ ಹತ್ತು ವರ್ಷ, ಅವನಿಗೆ ಹದಿನೆಂಟು. ಯುಗಾದಿ ಬೆಳಿಗ್ಗೆ ತೋರಣಕ್ಕೆ ಎಲೆ ಕೀಳಲು ನಜರ್‌ಬಾದಿನ ನಮ್ಮ ಮನೆ ಹಿಂದಿದ್ದ ಮಾವಿನ ಮರ ಹತ್ತಿದ್ದ. ಕೊಂಬೆ ಮುರಿಯಿತು. ಕೆಳಗೆ ಯಾರೋ ಮನೆ ಕಟ್ಟಿಸಲೆಂದು ಕಲ್ಲು ಒಟ್ಟಿದ್ದರು. ಜಟಕಾದಲ್ಲಿ ಅವನನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಹೋದ ಅಪ್ಪ ಮಧ್ಯಾಹ್ನ ಒಬ್ಬರೇ ನಡೆದುಕೊಂಡು ಬಂದರು. ಬೀದಿಯ ತುಂಬಾ ಒಬ್ಬಟ್ಟಿನ ವಾಸನೆ ಇತ್ತು.

ಆ ಮರ ನಮ್ಮದಲ್ಲ, ಕಡಿಸುವ ಹಾಗಿರಲಿಲ್ಲ. ಮುಂದಿನ ವರ್ಷ ಅದು ಚಿಗುರಿ ತಾಮ್ರದ ಬಣ್ಣಕ್ಕೆ ತಿರುಗಿದ ದಿನ ಅವ್ವ ಹಿತ್ತಿಲ ಕಿಟಕಿಗೆ ಮೊಳೆ ಹೊಡೆದಳು. ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆ ಮಾರುತ್ತಿದ್ದ ಅಪ್ಪ ಅಂಗಡಿಗೆ ಹೊರಟ ಕೂಡಲೇ ಬೀದಿ ಬಾಗಿಲಿಗೂ ಚಿಲಕ ಬಿತ್ತು. ನಾನು ಸ್ಕೂಲಿನ ಚೀಲ ಹಿಡಿದು ನಿಂತಿದ್ದೆ.

"ಬ್ಯಾಡ. ಮಳೆ ಬೀಳೋಗಂಟ ಎಲ್ಗೂ ಹೋಗ್ಬ್ಯಾಡ" ಅಂದಳು.

ಅಲ್ಲಿಂದ ಪ್ರತಿ ವರ್ಷವೂ ಹಾಗೇ. ಬೇರೆಯವರಿಗೆ ಬೇಸಿಗೆ ರಜ ಶುರುವಾಗುವ ಮೊದಲೇ ನನಗೆ ಮನೆವಾಸ ಶುರುವಾಗುತ್ತಿತ್ತು. ನಡುಮನೆಯಲ್ಲಿ ಗಾಳಿ ಆಡುತ್ತಿರಲಿಲ್ಲ. ಹೆಂಚಿನ ಕಾವಿಗೆ ಅಜ್ಜಿ ಸೆರಗು ಒದ್ದೆ ಮಾಡಿ ತಲೆ ಮೇಲೆ ಹಾಕಿಕೊಂಡು ಕೂರುತ್ತಿದ್ದಳು. ಬೀದಿಯಲ್ಲಿ ಹುಡುಗಿಯರು ಕುಂಟೆಬಿಲ್ಲೆ ಆಡುವ ಸದ್ದು ಕೇಳಿದರೆ ನಾನು ಬಾಗಿಲ ಸಂದಿಗೆ ಕಣ್ಣಿಡುತ್ತಿದ್ದೆ. ಬರೀ ಲಂಗದ ಅಂಚು, ಧೂಳು ಕಾಣುತ್ತಿತ್ತು. ಯುಗಾದಿಗೆ ನಮ್ಮಲ್ಲಿ ಎಣ್ಣೆನೀರಿಲ್ಲ, ಬೇವುಬೆಲ್ಲವಿಲ್ಲ. ಎಲ್ಲಕ್ಕಿಂತ ಕಷ್ಟವಾಗಿದ್ದು ಬೇರೆ. ಅಣ್ಣನ ಸುದ್ದಿಯನ್ನೇ ಯಾರೂ ಎತ್ತುವಂತಿರಲಿಲ್ಲ. ಒಮ್ಮೆ ಊಟಕ್ಕೆ ಕೂತಾಗ "ಅಣ್ಣಂಗೆ ಈ ಹುಳಿ ಅಂದ್ರೆ..." ಅಂತ ಶುರು ಮಾಡಿದೆ. ಅವ್ವ ಎದ್ದು ಒಳಗೆ ಹೋಗಿಬಿಟ್ಟಳು. ಅಪ್ಪ ತಟ್ಟೆ ನೋಡುತ್ತಾ ಕೂತರು. ನಾನು ಮತ್ತೆ ಆ ಮಾತು ಎತ್ತಲಿಲ್ಲ. ಅವನ ಮುಖ ಮರೆತುಹೋಗುತ್ತಿದೆ ಅನ್ನಿಸಿ ಭಯವಾಗುತ್ತಿತ್ತು. ಕೇಳೋಣವೆಂದರೆ ಯಾರನ್ನು ಕೇಳುವುದು?

ಕೆಳಗಿನ ತರಗತಿಗಳಲ್ಲಿ ಮೇಡಂಗಳು ಕನಿಕರದಿಂದ ಪಾಸು ಮಾಡಿದರು. ಎಸ್ಸೆಸ್ಸೆಲ್ಸಿಗೆ ಅದು ನಡೆಯಲಿಲ್ಲ. ಪರೀಕ್ಷೆ ಇದ್ದದ್ದೇ ಚಿಗುರಿನ ಕಾಲದಲ್ಲಿ.

"ಮುಂದಿನ್ ವರ್ಸ ಬರ್ಯೋವಂತೆ ಬುಡು" ಅಂದಳು ಅವ್ವ.

"ಮುಂದಿನ್ ವರ್ಸಾನೂ ಚಿಗುರ್ತದಲ್ಲವ್ವ!" ಅಂತ ಕೂಗಿದೆ. ಅವ್ವ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಅವಳನ್ನು ತಳ್ಳಿ ಹೋಗಬಹುದಿತ್ತು, ನಾನಾಗಲೇ ಅವಳಿಗಿಂತ ಎತ್ತರವಿದ್ದೆ. ಆದರೆ ಅವಳು ನನ್ನ ಲಂಗದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ನಾನು ನೆಲದ ಮೇಲೆ ಕೂತೆ. ಪರೀಕ್ಷೆಯ ದಿನಗಳೆಲ್ಲ ಹಾಗೇ ಮುಗಿದವು.

ಮರುವರ್ಷ ಪರೀಕ್ಷೆಯ ಮೊದಲ ದಿನ ಅಪ್ಪ ಅಂಗಡಿಗೆ ಹೊರಡಲಿಲ್ಲ. ಅಂಗಿ ತೊಟ್ಟುಕೊಂಡು ಹೊಸಿಲಲ್ಲೇ ನಿಂತರು.

"ಮಗಳು ಈಚೆಗೆ ಬರ್ಲಿ. ಆಮ್ಯಾಕೆ ನಾನು ಹೋಯ್ತೀನಿ."

"ಏನಾರಾ ಆದ್ರೆ?"

"ಒಳಗೇ ಕೂತಿದ್ರೂ ಆಯ್ತದೆ ಕಣೇ. ನೋಡು ಅವಳ ಮೊಕಾನ."

ಅವ್ವ ನನ್ನ ಮುಖ ನೋಡಿದಳು. ಏನು ಕಂಡಳೋ ಗೊತ್ತಿಲ್ಲ. ಒಳಗೆ ಹೋಗಿ ಸೀರೆ ಬದಲಾಯಿಸಿ ಬಂದು, "ನಾನೂ ಬತ್ತೀನಿ" ಅಂದಳು.

ನನ್ನ ಮಣಿಕಟ್ಟು ಹಿಡಿದು ನಡೆದಳು, ಕೈ ಅಲ್ಲ. ಸಾಲುಮರಗಳ ನೆರಳು ಬಿಟ್ಟು ರಸ್ತೆ ನಡುವೆ, ಬಿಸಿಲಲ್ಲೇ. ಹೊಂಗೆ ಹೂ ಉದುರಿದ ಕಡೆಯೆಲ್ಲ ದೂರದಿಂದಲೇ ಬಳಸಿಕೊಂಡು ಹೋದಳು. ಸೈಕಲ್ಲಿನವರು ಬೈದುಕೊಂಡು ಹೋದರು. ಸ್ಕೂಲಿನ ಗೇಟಿನ ಜವಾನ, "ಮರದಡಿ ಕೂತ್ಕಳಿ ತಾಯಿ" ಅಂದರೆ ಒಲ್ಲೆ ಅಂದು ಕಾಂಪೌಂಡಿನ ಪಕ್ಕ ಬಿಸಿಲಲ್ಲಿ ಕೂತಳು. ಪರೀಕ್ಷೆ ಮುಗಿಸಿ ಬಂದಾಗಲೂ ಅಲ್ಲೇ ಇದ್ದಳು, ಮುಖ ಕೆಂಪೇರಿತ್ತು.

ವಾಪಸ್ಸು ಬರುವಾಗ, ನಾನೇನೂ ಕೇಳದೆಯೇ, ಹೇಳಿದಳು.

"ಅವತ್ತು ನಿಮ್ಮಣ್ಣ ಒಂದ್ಸಲ ಎಲೆ ತಂದಿದ್ದ ಕಣವ್ವ. ದೇವರ ಮನೆಗೆ ಸಾಲ್ದು, ಇನ್ನೊಸಿ ತತ್ತಾ ಅಂದೆ. 'ಸಾಕು ಬುಡವ್ವ, ಹಸೀತದೆ' ಅಂದ. ನಾನೇ ಬಯ್ದು ಕಳಿಸ್ದೆ."

ಇಷ್ಟು ವರ್ಷ ಆ ಮುಚ್ಚಿದ ಮನೆಯೊಳಗೆ ಅವಳು ಆ ಒಂದು ಮಾತಿನ ಜೊತೆ ಕೂತಿದ್ದಳು.

ಮನೆಗೆ ಬಂದವಳೇ ಅಜ್ಜಿಯ ಮುಂದೆಯೂ ಅದನ್ನೇ ಹೇಳಿದಳು. ಅಜ್ಜಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, "ಗೊತ್ತು ಕಣೆ. ಅವತ್ತು ನಾನು ಒಲೆ ಮುಂದೇ ಇದ್ನಲ್ಲ, ಕೇಳುಸ್ತು" ಅಂದಳು.

"ಮತ್ತೆ ಯಾಕೆ ಒಂದ್ಮಾತೂ ಆಡ್ಲಿಲ್ಲ?"

"ಏನಂತ ಆಡ್ಲಿ? ಮಕ್ಕಳಿಗೆ ಯಾರು ಕೆಲಸ ಹೇಳಲ್ಲ?"

ಅವ್ವ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಂಜೆ ಅಪ್ಪ ಬಂದ ಮೇಲೆ ಅಣ್ಣನ ಸುದ್ದಿ ತಾನಾಗೇ ಬಂತು. ಬೇವಿನ ಹೂವನ್ನೆಲ್ಲ ಆರಿಸಿ ಬಿಸಾಕಿ ಬರೀ ಬೆಲ್ಲ ತಿನ್ನುತ್ತಿದ್ದನಂತೆ. ಬನ್ನಿಮಂಟಪದಲ್ಲಿ ಪಂಜಿನ ಕವಾಯತು ನೋಡಲು ಹೋದಾಗ ನನ್ನನ್ನು ಹೆಗಲ ಮೇಲೆ ಹೊತ್ತಿದ್ದನಂತೆ. ನನಗೆ ನೆನಪೇ ಇರಲಿಲ್ಲ. ಅಪ್ಪ ನಗುತ್ತಾ ಹೇಳಿದರು.

ನಾನು ಪಾಸಾದೆ, ಗಣಿತದಲ್ಲಿ ಕಷ್ಟಪಟ್ಟು. ಮುಂದೆ ಟೀಚರ್ ಟ್ರೈನಿಂಗಿಗೂ ಸೇರಿದೆ. ಅವ್ವನ ಭಯ ಮಾತ್ರ ಪೂರ್ತಿ ಹೋಗಲಿಲ್ಲ. ಫಾಲ್ಗುಣ ಬಂತೆಂದರೆ ಆಗಲೂ ನಾನು ಸಂಜೆ ಒಂದಿಷ್ಟು ತಡ ಮಾಡಿದರೆ ಅವಳು ಬೀದಿ ಕೊನೆಯವರೆಗೂ ಬಂದು ನಿಂತಿರುತ್ತಿದ್ದಳು. ನನ್ನನ್ನು ಕಂಡೊಡನೆ ತಿರುಗಿ ಮುಂದೆ ಮುಂದೆ ನಡೆಯುತ್ತಿದ್ದಳು. ನಾನು ಹಿಂದೆ ಹೋಗುತ್ತಿದ್ದೆ.