ಸಿಸ್ಟರಮ್ಮನ ಊರಿನ ಚರ್ಚು

ಕಳೆದ ವಾರ ಸನತ್‌ನಗರದಲ್ಲಿ ಒಂದು ಶೆಡ್ಡಿನ ಮುಂದೆ ಪೈನ್ ಮರದ ಪೆಟ್ಟಿಗೆ ಒಡೆಯುತ್ತಿದ್ದರು. ಹೊರದೇಶದಿಂದ ಯಂತ್ರ ತುಂಬಿಕೊಂಡು ಬಂದ ಪೆಟ್ಟಿಗೆ. ಹಲಗೆ ಸೀಳಿದಾಗ ಎದ್ದ ರಾಳದ ವಾಸನೆ ಮೂಗಿಗೆ ತಾಗಿ, ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಸಿಸ್ಟರಮ್ಮನಿಗೆ ಚರ್ಚು ಮಾಡಿಕೊಟ್ಟದ್ದು ಇಂಥದೇ ಮರದಲ್ಲಿ…

ಅವರು ಸ್ವೀಡನ್ ದೇಶದವರು. ಹರೆಯದಲ್ಲೇ ನರ್ಸಾಗಿ ರಾಯಚೂರು ಕಡೆಯ ಮಿಷನ್ ಆಸ್ಪತ್ರೆಗೆ ಬಂದು, ಅಲ್ಲಿನ ಕನ್ನಡವನ್ನೇ ಕಲಿತು, ಮುಪ್ಪಿನಲ್ಲಿ ಹೈದರಾಬಾದಿನ ಒಂದು ಮಿಷನ್ ಕಾಂಪೌಂಡಿನ ಕೋಣೆಯಲ್ಲಿದ್ದರು. ನಾನು ಬೀದರ್ ಕಡೆಯವನು. ಹತ್ತನೆಯ ತರಗತಿ ಮುಗಿಸಿ ಸನತ್‌ನಗರದ ಎರಕದ ಕಾರ್ಖಾನೆಯೊಂದರಲ್ಲಿ ಮರದ ಅಚ್ಚು ಮಾಡುತ್ತಿದ್ದೆ. ಭಾನುವಾರದ ಕನ್ನಡ ಆರಾಧನೆಯಲ್ಲಿ ಪರಿಚಯವಾಯಿತು. ಆ ಹೊತ್ತಿಗೆ ಅವರ ಕಣ್ಣು ಪೂರಾ ಹೋಗಿತ್ತು. ಊರಿಗೆ ಹಿಂತಿರುಗುವ ಮಾತೂ ಮುಗಿದಿತ್ತು.

“ನೀ ಮರದ ಕೆಲಸದಾಂವ ಅಲ್ಲೇನಪಾ? ನಮ್ಮೂರ ಚರ್ಚ್ ಮಾಡಿಕೊಡು. ತೊಡಿ ಮ್ಯಾಲ ಇಟ್ಕೊಳ್ಳುವಷ್ಟು ಸಾಕು,” ಅಂದರು ಒಂದು ದಿನ. ಛಾವಣಿ ತೆಗೆಯಲು ಬರಬೇಕು, ಒಳಗೆ ಕೈಯಾಡಿಸಿ ತಮ್ಮ ತಾಯಿ ಕೂರುತ್ತಿದ್ದ ಬೆಂಚನ್ನು ಮುಟ್ಟಬೇಕು. ಅವರಿಗೆ ಬೇಕಿದ್ದುದು ಅಷ್ಟೇ.

ಸಂಜೆ ಹೋದಾಗಲೆಲ್ಲ ಹೇಳುತ್ತಿದ್ದರು. ಏಳೆಂಟು ನೂರು ವರ್ಷದ ಕಲ್ಲಿನ ಗೋಡೆ, ಟಾರು ಬಳಿದ ಮರದ ಹಲಗೆಗಳ ಛಾವಣಿ, ಗಂಟೆಗೆ ಬೇರೆಯೇ ಒಂದು ಮರದ ಗೋಪುರ. ಬಾಗಿಲಲ್ಲಿ ಪುಟ್ಟ ಮೊಗಸಾಲೆ. ಹಿಂದಿನ ಕಾಲದ ಗಂಡಸರು ಕತ್ತಿ ಕೊಡಲಿಗಳನ್ನು ಅಲ್ಲೇ ಇಟ್ಟು ಒಳಗೆ ಬರಬೇಕಿತ್ತಂತೆ. “ನೀನಾಗಿದ್ರ ಬೀಡಿ ಕಟ್ಟು ಇಟ್ಟು ಬರಬೇಕಾಗ್ತಿತ್ತು. ಇಲ್ಲೂ ಹೊರಗ ಇಡು, ವಾಸನಿ ಬರಾಕತ್ತೈತಿ,” ಎಂದು ಛೇಡಿಸುತ್ತಿದ್ದರು. ಒಳಗೆ ದೀಕ್ಷಾಸ್ನಾನದ ಕಲ್ಲಿನ ಬೋಗುಣಿ, ನಾವಿಕರು ಹರಕೆಗೆ ಕೊಟ್ಟು ಮೇಲಿನಿಂದ ತೂಗಿಬಿಟ್ಟ ಪುಟ್ಟ ಮರದ ಹಡಗು, ಎಡಕ್ಕೆ ಹೆಂಗಸರ ಬೆಂಚು, ಬಲಕ್ಕೆ ಗಂಡಸರದು. ಕಮಾನಿನ ತುಂಬ ಹಳೆಯ ಚಿತ್ರಗಳು. ಯಾವುದೋ ಕಾಲದಲ್ಲಿ ಬೇಡವೆಂದು ಅವುಗಳ ಮೇಲೆ ಸುಣ್ಣ ಹೊಡೆದಿದ್ದರು.

“ನಮ್ಮಜ್ಜನ ಕಾಲದಾಗ ಸುಣ್ಣ ಕೆರದ್ರ, ಒಳಗ ದೆವ್ವ ಹಲ್ಲು ಕಿಸ್ಕೊಂಡು ನಿಂತಿತ್ತಂತ! ಅಷ್ಟು ವರ್ಷ ಪಾದ್ರಿಗಳು ಅದರ ಕೆಳಗ ನಿಂತು ಪ್ರಸಂಗ ಮಾಡಿದ್ರು ನೋಡು.”

ಅವರು ಹೇಳುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ. ಕಿವಿ ಪಕ್ಕದ ಕೋಣೆಯ ರೇಡಿಯೋದಲ್ಲಿ ಬರುತ್ತಿದ್ದ ಕ್ರಿಕೆಟ್ಟಿನ ಕಡೆಗಿರುತ್ತಿತ್ತು.

ಗೋಡೆ, ಗೋಪುರ, ಮೊಗಸಾಲೆ ಚೆನ್ನಾಗಿಯೇ ಬಂದವು. ಒಳಗಿನ ಕೆಲಸ ಸೂಕ್ಷ್ಮ, ಬೇಸರ ಬಂತು. ಕಣ್ಣು ಕಾಣದವರು, ಒಳಗೆ ಏನಿದ್ದರೇನು ಅನ್ನಿಸಿತು. ಬರೆಯಲು ಇಂದು ನಾಚಿಕೆಯಾಗುತ್ತದೆ, ಆದರೆ ಅನ್ನಿಸಿದ್ದು ಅದೇ. ಖಾಲಿ ಚರ್ಚಿನ ಮೇಲೆ ಛಾವಣಿ ಇಟ್ಟು ಮೊಳೆ ಹೊಡೆದೆ.

ಕ್ರಿಸ್‌ಮಸ್ಸಿಗೆ ಮುಂಚೆ ಒಯ್ದು ಅವರ ಮಡಿಲಲ್ಲಿಟ್ಟೆ. ಗೋಪುರ ಮುಟ್ಟಿ ನಕ್ಕರು. ಮೊಗಸಾಲೆ ಸವರಿದರು. ಆಮೇಲೆ ಬೆರಳುಗಳು ಛಾವಣಿಯ ಅಂಚು ಹಿಡಿದು ಎತ್ತಲು ನೋಡಿದವು.

“ಛತ್ತು ಏಳವಲ್ಲದಲ್ಲಪಾ?”

“ಮೊಳಿ ಹೊಡದೀನ್ರಿ ಸಿಸ್ಟರಮ್ಮ. ಕಿತ್ರ ಗ್ವಾಡಿ ಸೀಳ್ತಾವ.”

“ಒಳಗ ನಮ್ಮವ್ವನ ಬೆಂಚ್ ಐತಿಲ್ಲೋ?”

“ಐತ್ರಿ.”

“ಹಂಗಾದ್ರ ಸಾಕು ಬಿಡು.”

ಕಿಟಕಿಗಳನ್ನು ಅವರು ಹೇಳಿದಂತೆ ಸಣ್ಣದಾಗಿಯೇ ಮಾಡಿದ್ದೆ. ಒಂದರಲ್ಲಿ ಕಿರುಬೆರಳು ತೂರಿಸಿದರು. ಗಂಟಿನ ತನಕ ಹೋಗಿ ಸಿಕ್ಕಿಕೊಂಡಿತು. ಆಗ ನನಗೆ ಆದದ್ದು ನೆಮ್ಮದಿ…

ಮುಂದಿನ ಬೇಸಿಗೆಯಲ್ಲಿ ಸಿಸ್ಟರಮ್ಮ ತೀರಿಕೊಂಡರು. ರಾಯಚೂರಿನಿಂದ ಅವರ ಜೊತೆಗೇ ಬಂದಿದ್ದ ಆಯಾ, ಸಮಾಧಿಯಾದ ಮೇಲೆ ಚರ್ಚನ್ನು ತಂದು ನನ್ನ ಕೈಗೇ ಕೊಟ್ಟಳು. “ಹಾಸಿಗಿ ಬಾಜೂಕ ಇಟ್ಕೊಂಡಿದ್ರಪಾ. ಬಂದೋರಿಗೆಲ್ಲ ಹೇಳೋರು, ಒಳಗ ನಮ್ಮವ್ವ ಕುಂತಾಳ, ಜೋರ್ ಮಾತಾಡಬ್ಯಾಡ್ರಿ ಅಂತ.”

ಅದನ್ನು ಅಟ್ಟದ ಮೇಲಿಟ್ಟವನು ಇಷ್ಟು ವರ್ಷ ಮುಟ್ಟಿರಲಿಲ್ಲ. ಕಳೆದ ವಾರ ಮನೆಗೆ ಬಂದವನೇ ಇಳಿಸಿ ಮೊಳೆ ಕಿತ್ತೆ. ಗೋಡೆ ಸೀಳಲಿಲ್ಲ, ಸೀಳುತ್ತದೆ ಎಂದದ್ದೂ ಸುಳ್ಳೇ. ಅಂದಿನಿಂದ ಈ ಮುಪ್ಪಿನಲ್ಲಿ ಬೆಂಚುಗಳನ್ನು ಮಾಡುತ್ತಿದ್ದೇನೆ. ಎಡಗಡೆಯ ಮೂರನೆಯದು ತಾಯಿಯದು, ಅಷ್ಟು ನೆನಪಿದೆ. ಅದರ ತುದಿಯಲ್ಲಿ ಏನೋ ಕೆತ್ತನೆ ಇತ್ತಂತೆ. ಚಿಕ್ಕವಳಿದ್ದಾಗ ಪ್ರಸಂಗ ಮುಗಿಯುವ ತನಕ ಅದನ್ನೇ ಸವರುತ್ತ ಕೂರುತ್ತಿದ್ದೆ ಎಂದಿದ್ದರು. ಹಕ್ಕಿಯೋ, ಎಲೆಯೋ… ಎಷ್ಟೋ ಸಲ ಹೇಳಿದ್ದರು. ಈಗ ಕೇಳೋಣವೆಂದರೆ ಯಾರೂ ಉಳಿದಿಲ್ಲ. ಆ ತುದಿಯನ್ನು ನುಣ್ಣಗೆ ಉಜ್ಜಿ, ಏನೂ ಕೆತ್ತದೆ, ಹಾಗೇ ಬಿಟ್ಟಿದ್ದೇನೆ.