ಗೋಡೆಯ ಮೇಲಿನ ನೇರಳೆ ಬೀಜ

೧೯೪೦ರ ಜೂನ್ ತಿಂಗಳು. ಗಡಹಿಂಗ್ಲಜದ ಅಂಚಿನ ಒಂದು ಹೆಂಚಿನ ಮನೆ, ಅದರ ಹಿತ್ತಲು, ಒಂದು ಹೆಣ್ಣುಗರು, ಇವಿಷ್ಟು ನನ್ನ ಉಸ್ತುವಾರಿಯಲ್ಲಿದ್ದವು. ಮನೆಗೆಲಸವನ್ನು ಹುದ್ದೆ ಎನ್ನುವ ರೂಢಿಯಿಲ್ಲ. ಆದರೂ ನಾನು ಜೀವಮಾನವಿಡೀ ಮಾಡಿದ್ದು ಅದೊಂದೇ ಕೆಲಸ.

ಗಂಡ ಇಚಲಕರಂಜಿಯ ಮಗ್ಗಗಳಲ್ಲಿ ದುಡಿಯುತ್ತಿದ್ದರು, ಅಮಾವಾಸ್ಯೆಗೊಮ್ಮೆ ಬರುತ್ತಿದ್ದರು. ಅತ್ತೆ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಮಕ್ಕಳು ಇನ್ನೂ ಆಗಿರಲಿಲ್ಲ. ಜೈನರ ಮನೆಯಾದ್ದರಿಂದ ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತಿತ್ತು; ಆಮೇಲಿನ ಸಂಜೆ ಭಾಳ ಉದ್ದ. ಣಮೋಕಾರ ಮಂತ್ರ ಹೇಳಿ ಮುಗಿಸಿದರೂ ಇನ್ನೂ ಉಳಿಯುತ್ತಿತ್ತು. ಆಗ ಕರು ಚಂದ್ರಿಯೊಡನೆ ಮಾತಾಡುತ್ತಿದ್ದೆ. ಅದು ಕಿವಿ ಆಡಿಸುತ್ತಿತ್ತು. ಅಷ್ಟು ಸಿಕ್ಕಿದ್ದೂ ಭಗವಂತನ ದಯೆಯೇ.

ಒಂದು ಮುಂಜಾನೆ ಹಿತ್ತಲ ಗೋಡೆಯ ಮೇಲೆ ಯಾವುದೋ ಪ್ರಾಣಿಯ ಹಿಕ್ಕೆ ಬಿದ್ದಿತ್ತು. ಒರೆಸಿದೆ. ಮರುದಿನ ಅದೇ ಜಾಗದಲ್ಲಿ ಮತ್ತೆ. ಅಷ್ಟರಲ್ಲಿ ನೇಸರಿಯಿಂದ ಭಾವ, ಅಂದರೆ ಗಂಡನ ಅಣ್ಣ, ಬಂದರು. ಅವರ ಊರಲ್ಲಿ ಚಿರತೆ ಒಂದು ಆಡನ್ನು ಒಯ್ದಿತ್ತಂತೆ. ಗೋಡೆ ನೋಡಿದವರೇ, ಇದೂ ಚಿರತೆಯದೇ, ನಮ್ಮಲ್ಲಾದರೆ ರಾತ್ರಿ ಕಾವಲಿಗೆ ಗಂಡಸರಿದ್ದಾರೆ, ಕರುವನ್ನು ನೇಸರಿಗೆ ಹೊಡೆದುಕೊಂಡು ಹೋಗುತ್ತೇನೆ ಎಂದರು.

ಭಾವನ ಜೊತೆ ನೇರವಾಗಿ ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಹಿಂದೆಲ್ಲ ಅತ್ತೆಯ ಮೂಲಕ ಹೇಳಿಸುತ್ತಿದ್ದೆ. ಈಗ ಸೆರಗೆಳೆದುಕೊಂಡು, ಬಾಗಿಲ ಮರೆಯಿಂದ ಕರುವಿಗೇ ಹೇಳಿದೆ: “ಚಂದ್ರಿ, ನಿನ್ನ ಒಯ್ಯೂದಕ್ಕಿಂತ ಮೊದಲ ಅದು ಯಾವ ಪ್ರಾಣಿದಂತ ನೋಡೂಣು ಅಂತ ಹೇಳವಾ.”

ಭಾವನೂ ಕರುವಿಗೇ ಉತ್ತರ ಕೊಟ್ಟರು: “ನೋಡಂತ ಹೇಳು. ಹೊಲಸು ನೋಡಿ ಜಾತಕ ಬರಿಯಾಕ ಬರತಿದ್ರ ಬರೀಲಿ.”

ನೀರು ಸೋಸಿಯೇ ಕುಡಿಯುವ ಮನೆ ನಮ್ಮದು. ಬಟ್ಟೆಯ ಮೇಲೆ ಉಳಿದದ್ದನ್ನು ದಿಟ್ಟಿಸಿ ನೋಡಿ, ಹುಳುಹುಪ್ಪಟೆಯನ್ನು ಸಾಯದಂತೆ ಬಾವಿಗೆ ಮರಳಿಸುವುದು ದಿನದ ಕೆಲಸ. ಹಾಗೆಯೇ ಹರಕು ಬಟ್ಟೆಯೊಂದರಲ್ಲಿ ಹಿಕ್ಕೆ ಇಟ್ಟು ನೀರು ಹೊಯ್ದೆ. ಉಳಿದದ್ದು ಬರೀ ನೇರಳೆ ಬೀಜ, ಸಿಪ್ಪೆ. ಚಿರತೆಯದಾದರೆ ಕೂದಲು, ಎಲುಬಿನ ಚೂರು ಇರಬೇಕು. ಆಜರೆಯ ಕಾಡಂಚಿನ ತವರಿನಲ್ಲಿ ಚಿರತೆಯ ಹಿಕ್ಕೆ ಕಂಡಿದ್ದೆ.

ಭಾವ ಬೀಜಗಳನ್ನು ಕಡ್ಡಿಯಿಂದ ಹೊರಳಿಸಿ ನೋಡಿದರು. “ಇದು ಖರೆ. ಆದ್ರ ಹಣ್ಣು ತಿನ್ನೂದೂ ಬಂದು, ಕರಾ ತಿನ್ನೂದೂ ಬಂದ್ರ?”

ಆ ಮಾತು ತಪ್ಪಲ್ಲ. ಒಲೆಯ ಬೂದಿ ಜರಡಿ ಹಿಡಿದು, ಕೊಟ್ಟಿಗೆಯ ಬಾಗಿಲಿಗೂ ಗೋಡೆಯ ಬುಡಕ್ಕೂ ತೆಳ್ಳಗೆ ಹರವಿದೆ. ಭಾವ ಬಸದಿಯ ಕಟ್ಟೆಯ ಮೇಲೆ ಮಲಗಿ, ಬೆಳಗಾಗುತ್ತಲೇ ಬಂದು ನೋಡುತ್ತಿದ್ದರು. ಪುಣ್ಯಕ್ಕೆ ಮಳೆ ಇನ್ನೂ ಹಿಡಿದಿರಲಿಲ್ಲ. ಅವರು ಇದ್ದಷ್ಟು ದಿನವೂ ಕೊಟ್ಟಿಗೆಯ ಬೂದಿ ಕದಡಲಿಲ್ಲ. ಗೋಡೆಯ ಬುಡದಲ್ಲಿ ಮಾತ್ರ ಬೆಕ್ಕಿನದಕ್ಕಿಂತ ತುಸು ದೊಡ್ಡ, ಐದು ಬೆರಳಿನ ಹೆಜ್ಜೆಗಳು.

“ಉದಮಾಂಜರ,” ಎಂದರು ಭಾವ. ಪುನುಗು ಬೆಕ್ಕಿಗೆ ಮರಾಠಿಯ ಹೆಸರು ಅದು. ಕೈಯಲ್ಲಿದ್ದ ಹಗ್ಗ ಸುತ್ತಿ ಬಗಲಿಗೆ ಹಾಕಿಕೊಂಡು, ಕರುವಿನ ಬೆನ್ನು ತಟ್ಟಿದರು. “ಇಲ್ಲೇ ಇರವಾ. ಆಕಿ ಒಬ್ಬಾಕಿ ಅದಾಳ.”

ನಾನು ಒಬ್ಬಳೇ ಇದ್ದೇನೆಂದು ಒಬ್ಬರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು, ಅದೂ ಕರುವಿಗೆ. ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಂಡೆ.

ಆ ಬೆಕ್ಕನ್ನು ನಾನು ಒಮ್ಮೆಯೂ ಕಾಣಲಿಲ್ಲ. ನೇರಳೆ ಇರುವತನಕ ದಿನವೂ ಗೋಡೆ ಒರೆಸಿದೆ, ಬೇಸರಪಡದೆ. ಮಳೆ ಹಿಡಿಯಿತು, ಹಣ್ಣು ತೀರಿತು. ಒಂದು ಮುಂಜಾನೆ ಹಸಿ ಬಟ್ಟೆ ಹಿಡಿದು ಹೋದರೆ ಗೋಡೆ ಸ್ವಚ್ಛವಾಗಿತ್ತು. ಮನೆಗೆಲಸ ನನಗೆ ಕಲಿಸಿದ್ದು ಇಷ್ಟೇ: ಯಾರೋ ಬಂದು ಹೊಲಸು ಮಾಡಿ ಹೋಗುವುದೂ ಒಂದು ಕೃಪೆ. ಅಂದು ಒರೆಸಲು ಏನೂ ಇಲ್ಲದ ಆ ಗೋಡೆಯನ್ನೇ ಒಮ್ಮೆ ಒರೆಸಿ ಒಳಗೆ ಬಂದೆ.