ಡೌಲಿನ ಅಕ್ಷರ

ನನಗೆ ಸಾದಾ ಅಕ್ಷರ ಕಂಡರೆ ಆಗುವುದಿಲ್ಲ. ಶಾಲೆಯ ಕರಿಹಲಗೆಯ ಮೇಲೆ ಆಯುಷ್ಯವೆಲ್ಲ ನಾನೇ ಅವನ್ನು ಬರೆದವಳು, ಗುಂಡಗೆ, ಸಮವಾಗಿ, ಹಿಂದಿನ ಬೆಂಚಿಗೂ ಕಾಣುವ ಹಾಗೆ. ನಿವೃತ್ತಿಯ ದಿನ ಅವುಗಳ ಋಣ ತೀರಿತು. ಈಗ ನನ್ನ ಮನಸ್ಸು ಬಿದ್ದಿರುವುದು ಡೌಲಿನ ಅಕ್ಷರದ ಮೇಲೆ.

ಅದನ್ನು ಮೊದಲು ಕಂಡದ್ದು ಇಳಕಲ್ಲಿನ ಒಂದು ಸೀರೆ ಅಂಗಡಿಯ ಕೈಚೀಲದ ಮೇಲೆ. ಇಳಿಯುವ ಗೆರೆ ಸೀರೆಯ ದಡಿಯಷ್ಟು ದಪ್ಪ, ತಿರುಗುವ ಗೆರೆ ರೇಷ್ಮೆ ಎಳೆಯಷ್ಟು ಸಣ್ಣ, ತುದಿಗಳಿಗೆಲ್ಲ ಚೂಪಾದ ಪುಟ್ಟ ಪಾದ. ಸೀರೆ ತಂಗಿಗೆ ಕೊಟ್ಟು ಚೀಲ ನಾನಿಟ್ಟುಕೊಂಡೆ. ಅಚ್ಚಿನವರನ್ನು ಕೇಳಿದರೆ, ಇಂಥ ಅಕ್ಷರ ಮೆರೆಯುವುದಕ್ಕೇ ಹುಟ್ಟಿದ್ದಂತೆ. ಪುಸ್ತಕದ ಹೊದಿಕೆಯ ಮೇಲೆ ಕೂರುತ್ತದೆ, ಒಳಪುಟದ ದುಡಿಮೆಗೆ ಬರುವುದಿಲ್ಲ. ಹಾಗಾದರೆ ಏನು ಉಪಯೋಗ ಎಂದು ನೀವೂ ಕೇಳುತ್ತೀರಿ. ಕೇಳಿ. ಹುಟ್ಟಿದಾಗಿನಿಂದ ಉಪಯೋಗಕ್ಕೆ ಬಂದು ಬಂದು ಸಾಕಾದವಳಿಗೆ ಅದೇ ಹಿಡಿಸಿತು.

ನವನಗರದ ನಮ್ಮ ಮನೆಯ ಗೇಟಿನಲ್ಲಿದ್ದ ಯಜಮಾನರ ಹೆಸರಿನ ಫಲಕ ಮಾಸಿತ್ತು. ಅದರ ಮೇಲೆ ಈ ಸಲ ಆ ಅಕ್ಷರದಲ್ಲಿ ನನ್ನ ಹೆಸರು ಬರೆಸುತ್ತೇನೆ ಎಂದೆ. ಬ್ಯಾಂಕಿನಿಂದ ನನಗಿಂತ ಮೊದಲೇ ನಿವೃತ್ತರಾದ ನಮ್ಮ ಯಜಮಾನರು ಪತ್ರಿಕೆ ಕೆಳಗಿಳಿಸಿದರು.

"ಈ ವಯಸ್ಸಿನ್ಯಾಗ ಇದೆಲ್ಲಾ ಯಾಕ ಬೇಕು? ಮಂದಿ ನಗ್ತಾರ."

"ನಗಲಿ ಬಿಡ್ರಿ, ಹಲ್ಲು ಅವರವು," ಎಂದೆ.

ಬಾದಾಮಿಯಿಂದ ಪೇಂಟರ್ ಮೌನೇಶ ಬಂದ. ಕುಂಚ ಹಿಡಿದು ಬೋರ್ಡು ಬರೆಯುವವರು ಈಗ ಸಿಗುವುದೇ ಅಪರೂಪ. ನನ್ನ ಹೆಸರು ಹೇಳಿ, ಚೀಲ ಕೊಟ್ಟು, ಇದನ್ನು ನೋಡಿಕೊಂಡು ಬರಿ ಎಂದು ಚಹಾಕ್ಕಿಡಲು ಒಳಗೆ ಹೋದೆ. ಹೊರಗೆ ಬಂದು ನೋಡಿದರೆ ಫಲಕದ ಮುಕ್ಕಾಲು ಭಾಗ ಯಜಮಾನರೇ, ಇನಿಷಿಯಲ್ಲು, ಅಡ್ಡಹೆಸರು ಸಮೇತ. ಕೆಳಗೆ ಉಳಿದ ಅಂಚಿನಲ್ಲಿ, 'ಶ್ರೀಮತಿ'ಯ ಬೆನ್ನಿಗೆ, ನಾನು. ಅವನಿಗೆ ಹಾಗೆ ಬರಿ ಎಂದು ಯಾರೂ ಹೇಳಿರಲಿಲ್ಲ. ನಮ್ಮ ಕಡೆ ಗೇಟು ಕಂಡರೆ ಕೈ ತಾನಾಗಿ ಹಾಗೇ ಓಡುತ್ತದೆ.

ಆದರೆ ಅವನೂ ಪೇಚಿಗೆ ಸಿಕ್ಕಿದ್ದ. ಅಷ್ಟು ಸಣ್ಣದರಲ್ಲಿ ಎಳೆಯಂಥ ಗೆರೆಗಳು ಕಾಣಿಸದೆ ನನ್ನ ಹೆಸರು ತುಂಡುತುಂಡಾಗಿತ್ತು.

"ಇದು ಸಣ್ಣಗ ಬರಿಯೂ ಅಕ್ಷರ ಅಲ್ರೀ ಅಕ್ಕಾರ. ನಿಮ್ಮದಷ್ಟ ಸಾದಾದ್ರಾಗ ಬರಿಲೇನ್ರಿ?"

ನನಗೆ ಸಿಟ್ಟು ಬಂತು, ಅದೂ ಹೆಚ್ಚಾಗಿ ಇಷ್ಟು ವರ್ಷ ಕೊಟ್ಟಷ್ಟೇ ಜಾಗದಲ್ಲಿ ಮುದುಡಿ ಕೂತ ನನ್ನ ಮೇಲೇ.

"ಸಾದಾ ಬ್ಯಾಡ. ಫಲಕದ ತುಂಬ ದೊಡ್ಡದು ಬರಿ."

"ಸಾಹೇಬರ ಹೆಸರು?"

"ಅಳಸು."

ಅವನು ಕಟ್ಟೆಯ ಮೇಲೆ ಪತ್ರಿಕೆ ಹಿಡಿದು ಕೂತಿದ್ದ ಸಾಹೇಬರ ಮುಖ ನೋಡಿದ. ನಾನು ಅವನ ಕೈಯಿಂದ ಬಟ್ಟೆ ಕಸಿದುಕೊಂಡು ಹಸಿ ಬಣ್ಣವನ್ನು ನಾನೇ ಒರೆಸಿದೆ. ಪೂರ್ತಿ ಒರೆಸಿದೆ.

ಮೌನೇಶ ಹೊಸದಾಗಿ ಬರೆದುಕೊಟ್ಟ. ಸಂಜೆಗೆ ಬಣ್ಣ ಒಣಗಿತು. ಯಜಮಾನರು ರಸ್ತೆಯ ಆಚೆ ನಿಂತು, "ಇಲ್ಲಿಂದ ಓದಾಕ ಬರೂದಿಲ್ಲ," ಎಂದರು.

"ಹಂಗಾರ ಹತ್ರ ಬರ್ರಿ."

ಬಂದರು. ಕನ್ನಡಕ ಏರಿಸಿ, ದಪ್ಪ ಗೆರೆ, ಸಣ್ಣ ಗೆರೆ ಎಲ್ಲದರ ಮೇಲೂ ಬೆರಳಾಡಿಸುತ್ತ ನಿಧಾನವಾಗಿ ಓದಿದರು: "ನೀಲಾಂಬಿಕಾ."

ಮದುವೆಯಾದ ದಿನದಿಂದ ಆ ಬಾಯಿಗೆ ನಾನು 'ಏ, ಕೇಳ್ ಇಲ್ಲೆ' ಆಗಿದ್ದವಳು. ಅವರ ದನಿಯಲ್ಲಿ ನನ್ನ ಹೆಸರು ಹೇಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

"ಇನ್ನೊಮ್ಮೆ ಓದ್ರಿ," ಎಂದೆ.